ಕಂಬಳಿ ಹೊಲಿದ ಪಟ್ಟಾ

ರಸ್ತೆಬದಿಯ ಹುಣಸೆಮರಗಳ ಕೊಂಬೆ ಕಡಿಯುವ ಮಾಳಪ್ಪನಿಗೆ ದಿನವಿಡೀ ಹಗ್ಗಕ್ಕೆ ಜೋತುಬಿದ್ದು ತೊಡೆಗಳು ಮರಗಟ್ಟಿದ್ದವು. ೧೯೭೮ರ ಬೇಸಿಗೆಯಲ್ಲಿ, ಸೊಂಟಕ್ಕೂ ತೊಡೆಗೂ ಕಟ್ಟಿಕೊಂಡು ಹಗ್ಗದಲ್ಲಿ ತೂಗುತ್ತ ಕೂರುವಂಥ ತೊಗಲಿನ ಪಟ್ಟಾ ಬೇಕೆಂದು ಇಳಕಲ್ಲಿನ ಚಪ್ಪಲಿ ಹೊಲಿಯುವ ದುರಗಪ್ಪನಿಗೆ ಹೇಳಿದ್ದ.

ದುರಗಪ್ಪ ಎರಡು ಹೊಲಿದಿಟ್ಟಿದ್ದ. "ನಿಂತು ಕಟಗೊಂಡ್ರ ಎಲ್ಲಾ ಛಲೋನ ಅನಸ್ತಾವ. ಜೋತುಬಿದ್ದು ನೋಡು," ಎಂದು ಅಂಗಡಿ ಮುಂದಿನ ಬೇವಿನ ಕೊಂಬೆಗೆ ಹಗ್ಗ ಬಿಗಿದ.

ಬರೀ ತೊಗಲಿನದು ತೊಡೆಸಂದಿಯನ್ನು ಕೊಯ್ಯಿತು. ಒಳಗೆ ಕಂಬಳಿ ಹೊಲಿದ ಅಗಲವಾದದ್ದು ಮೈಭಾರವನ್ನೆಲ್ಲ ಹಗುರಾಗಿ ಹೊತ್ತುಕೊಂಡಿತು.

"ಹೆಂಗೈತಿ?" ಎಂದು ಕೇಳುತ್ತ ದುರಗಪ್ಪ ತಲೆಯೆತ್ತಿ ನೋಡಿದ. ನೆಲದಿಂದ ಗೇಣೆತ್ತರದಲ್ಲಿ ಮಾಳಪ್ಪ ನಿದ್ದೆಹೋಗಿದ್ದ. ದುರಗಪ್ಪ ಎಬ್ಬಿಸಲಿಲ್ಲ. ಅವನ ಮುಖಕ್ಕೆ ಬಿಸಿಲು ಬಂದಾಗ ಗೋಣಿತಟ್ಟು ಕಟ್ಟಿ ನೆರಳು ಮಾಡಿದ.

ಎಚ್ಚರವಾದ ಮಾಳಪ್ಪ ನಾಚಿಕೊಂಡ. "ಇದನ್ನ ಒಯ್ತೇನಿ. ಅಮೀನಗಡದ ಹಾದ್ಯಾಗ ಇನ್ನೂ ಭಾಳ ಹುಣಸಿಗಿಡ ಅದಾವ."