ಬಾರದ ಗಿರಾಕಿಯ ಕೋಟು

ಮೈಮೇಲಿನ ಕೋಟು ಸ್ವಂತದ್ದೋ ಕಡ ತಂದದ್ದೋ ಎಂದು ಫೋಟೊ ನೋಡಿಯೇ ಹೇಳಬಲ್ಲವನೆಂದು ಟೈಲರ್ ಮಾಸ್ಟರನಿಗೆ ಆ ಬೀದಿಯಲ್ಲಿ ಹೆಸರಿತ್ತು. ಹೆಗಲಿನ ಹೊಲಿಗೆ ತೋಳಿನ ಮೇಲೆ ಜಾರಿದ್ದರೆ ಕೋಟು ಅಣ್ಣನದು. ತೋಳು ಮಣಿಕಟ್ಟಿಗೆ ಮುಟ್ಟದೆ ಮೇಲೆಯೇ ನಿಂತಿದ್ದರೆ ತಮ್ಮನದು. ಮುಂದೆಲ್ಲ ಸರಿಯಾಗಿದ್ದು, ಹಿಂದೆ ಯಾರೋ ಪಿನ್ನು ಹಾಕಿ ಎಳೆದ ಹಾಗೆ ಎದೆ ಬಿಗಿದಿದ್ದರೆ ಫೋಟೊ ಸ್ಟುಡಿಯೋದವನದು. ಮಗಳಿಗೆ ಗಂಡು ನೋಡುವವರು, ಫೋನಿನ ಪರಿಚಯದ ಆ್ಯಪಿನಲ್ಲಿ ಯಾರನ್ನೋ ಮೆಚ್ಚಿಕೊಂಡವರು, ‘ಸಂಗಾತಿ ಬೇಕಾಗಿದ್ದಾರೆ’ ಎಂಬ ಜಾಹೀರಾತಿಗೆ ಉತ್ತರ ಬರೆದವರು, ಎಲ್ಲರೂ ಪ್ಯಾಂಟಿನ ಅಂಚು ಮಡಚಿಸುವ ನೆಪದಲ್ಲಿ ಬಂದು, ಹೊರಡುವಾಗ ಏನೋ ನೆನಪಾದವರಂತೆ ಫೋನು ಮುಂದೆ ಹಿಡಿಯುತ್ತಿದ್ದರು. ಕೇಳುತ್ತಿದ್ದುದು ದೊಡ್ಡಮ್ಮನ ಮಗಳಿಗಾಗಿ, ಅತ್ತಿಗೆಯ ತಂಗಿಗಾಗಿ. ತಮಗಾಗಿ ಕೇಳಿದವರು ಅದುವರೆಗೆ ಒಬ್ಬರೂ ಇರಲಿಲ್ಲ.

ಒಮ್ಮೆ ಒಬ್ಬಳು ಬಿಳಿ ಸಮವಸ್ತ್ರದ ಗಂಡಸಿನ ಫೋಟೊ ತಂದು, ಹಡಗಿನ ಕ್ಯಾಪ್ಟನ್ ಎಂದಿದ್ದಳು. "ಇದು ಹೋಟ್ಲು ಬಾಗಿಲು ಕಾಯೋನ ಅಂಗಿ ಕಣಮ್ಮ. ಹಡಗು ಹತ್ತಿರೋದು ಸುಳ್ಳು, ಲಿಫ್ಟ್ ಹತ್ತಿರಬಹುದು," ಎಂದಿದ್ದ ಮಾಸ್ಟರ್. ಮಾತು ಸಂಜೆಯೊಳಗೆ ಬೀದಿಯ ಆ ತುದಿಗೆ ಹೋಗಿ ಬಂದಿತ್ತು. ಹುಡುಗಿ ಬಚಾವಾದಳು, ನಿಜ. ಆದರೆ ಆಮೇಲೆ ಬಹಳ ಕಾಲ ಅವಳನ್ನು ಕಂಡವರೆಲ್ಲ ಲಿಫ್ಟಿನ ಗುಂಡಿ ಒತ್ತುವವರಂತೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದರು. ಮಾಸ್ಟರೂ ಆಡಿಸಿದ್ದ.

ಅವನ ಅಂಗಡಿಯ ಹಿಂಗೋಡೆಯ ಕಂಬಿಯಲ್ಲಿ ಬೂದು ಬಣ್ಣದ ಒಂದು ಕೋಟು ಪ್ಲಾಸ್ಟಿಕ್ ಚೀಲದೊಳಗೆ ಹೋದ ವರ್ಷದಿಂದ ತೂಗುತ್ತಿತ್ತು. ಯಾರದೆಂದು ಕೇಳಿದರೆ, "ಒಬ್ಬ ಗಿರಾಕೀದು. ತಗೊಂಡು ಹೋಗೋಕೆ ಬಂದೇ ಇಲ್ಲ," ಎನ್ನುತ್ತಿದ್ದ. ಮೂಲೆಯಲ್ಲಿ ಗುಂಡಿಯ ಕಾಜ ಹೊಲಿಯುತ್ತ ಕೂರುವ ಅವನ ಅಕ್ಕ, "ಇಷ್ಟು ಒಳ್ಳೇ ಬಟ್ಟೆ ಹೊಲಿಸಿ ಮರ್ತುಬಿಡೋನು ಎಂಥ ಮಾರಾಯನೋ," ಎಂದು ಆಗಾಗ ಕಂಬಿಯ ಕಡೆ ನೋಡಿ ಹೇಳುವಳು. ಮಾಸ್ಟರ್ ಮಿಷನ್ನು ತುಳಿಯುತ್ತಿದ್ದ. ಮಿಷನ್ನಿನ ಸದ್ದಿಗೆ ಅದೊಂದು ಗುಣವಿದೆ, ಉತ್ತರ ಕೊಡುವ ಕಷ್ಟ ತಪ್ಪಿಸುತ್ತದೆ.

ಆ ದಿನ ಎದುರಿನ ಕನ್ನಡಕದಂಗಡಿಯಾಕೆ ಬಂದಾಗ ಬೆಳಗಿನ ಬಿಸಿಲು ಬಟ್ಟೆ ಕತ್ತರಿಸುವ ಮೇಜಿನ ಅರ್ಧಕ್ಕೆ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಅವನಿಗಿಂತ ಚೆನ್ನಾಗಿ ನಡೆಸಿದ ಹೆಂಗಸು. ಬೀದಿಗೆಲ್ಲ ಕಣ್ಣು ಪರೀಕ್ಷೆ ಮಾಡುವವಳು ಅಂದು ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಕಂಕುಳಲ್ಲಿ ಕೈಚೀಲವನ್ನು ಭದ್ರವಾಗಿ ಒತ್ತಿಕೊಂಡಿದ್ದಳು.

"ಮಾಸ್ಟ್ರೇ, ಒಂದೇ ನಿಮಿಷ. ನನ್ನ ಚಿಕ್ಕಮ್ಮನ ಮಗಳಿಗೆ ಒಬ್ರು ಪರಿಚಯ ಆಗಿದ್ದಾರೆ..."

"ಎಷ್ಟು ವಯಸ್ಸು ಅವಳಿಗೆ?"

"ನನ್ನಷ್ಟೇ."

"ಕೆಲಸ?"

"ಅವಳದೂ ಅಂಗಡೀನೇ."

"ಮುಖಾನೂ ನಿನ್ನ ಹಾಗೇ ಇರ್ಬೇಕು," ಎಂದಳು ಅಕ್ಕ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ.

ಕನ್ನಡಕದಂಗಡಿಯಾಕೆ ಕೇಳಿಸದವಳಂತೆ ಫೋನು ಮುಂದೆ ಹಿಡಿದಳು. ಫೋಟೊದವನು ಸಮುದ್ರದ ಮೇಲೆ ಸೇತುವೆ ಕಟ್ಟಿಸುವ ಎಂಜಿನಿಯರ್ ಅಂತೆ. ನರೆತ ಕೂದಲು, ಒಳ್ಳೆಯ ನಗು, ಸುರುಳಿ ಸುತ್ತಿದ ನಕ್ಷೆಯೊಂದನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಕೋಟು ಅವನದೇ, ಹೆಗಲಿಗೆ ಅಚ್ಚು ಹೊಯ್ದಂತೆ ಕೂತಿತ್ತು. ಆದರೆ ಎದೆಯ ಜೇಬು ಬಲಕ್ಕಿತ್ತು. ಗಂಡಸಿನ ಕೋಟಿಗೆ ಯಾವ ಟೈಲರೂ ಎದೆಯ ಜೇಬನ್ನು ಬಲಕ್ಕಿಡುವುದಿಲ್ಲ. ಗುಂಡಿಗಳೂ ಆಚೆಯವು ಈಚೆಗೆ ಬಂದಿದ್ದವು. ಬೇರೆ ಯಾರದೋ ಫೋಟೊವನ್ನು ಕದ್ದು, ನೆಟ್ಟಿನಲ್ಲಿ ಹುಡುಕಿದವರಿಗೆ ಸಿಗದಿರಲೆಂದು ಎಡವನ್ನು ಬಲ ಮಾಡಿದ್ದರು.

ಮಾಸ್ಟರ್ ಫೋಟೊದಿಂದ ಕಣ್ಣೆತ್ತಿ ಹಿಂಗೋಡೆಯ ಕಂಬಿಯ ಕಡೆ ನೋಡಿದ.

ಹೋದ ವರ್ಷ ಅವನ ಫೋನಿನಲ್ಲೂ ಒಬ್ಬಳಿದ್ದಳು. ದೂರದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಕೋಟಿನ ಗುಂಡಿ ಗಂಡಸಿನ ಕೋಟಿನ ಹಾಗೆ ಬಲಕ್ಕಿತ್ತು. ಮೊದಲ ದಿನವೇ ಕಂಡಿದ್ದ. ಸೆಲ್ಫಿ ಇರಬೇಕು, ಅದು ಎಡಬಲ ತಿರುಗಿಸುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅವಳ ಎರಡು ಕೈಯೂ ಕಾಫಿ ಕಪ್ಪನ್ನು ಹಿಡಿದಿದ್ದುದು ಕೂಡ ಕಂಡಿತ್ತು. ಯಾರೋ ತೆಗೆದುಕೊಟ್ಟ ಸೆಲ್ಫಿ ಎಂದುಕೊಂಡ. ಮರುಳಾದವನ ತರ್ಕಕ್ಕೆ ಬಟ್ಟೆ ಎಂದೂ ಸಾಲದೆ ಬರುವುದಿಲ್ಲ, ಎಲ್ಲಿಂದಾದರೂ ತೇಪೆ ಸಿಗುತ್ತದೆ. ಅವಳು ಬರುವ ದಿನಕ್ಕೆಂದು ತನ್ನ ಮೈ ಅಳತೆ ತಾನೇ ತೆಗೆದು ಬೂದು ಕೋಟು ಹೊಲಿದುಕೊಂಡ. ಅದನ್ನು ತೊಟ್ಟು ವಿಮಾನ ನಿಲ್ದಾಣದ ಬಾಗಿಲಲ್ಲಿ, ನೆಲ ಒರೆಸುವವನು ಎರಡು ಸಲ ಕಾಲೆತ್ತಿಸಿ ಒರೆಸಿಕೊಂಡು ಹೋಗುವವರೆಗೆ ಕಾದ. ಆಮೇಲೆ ಸಂದೇಶ ಬಂತು: ಕಸ್ಟಮ್ಸ್‌ನವರು ಹಿಡಿದಿದ್ದಾರೆ, ದಂಡ ಕಟ್ಟಬೇಕು. ಕಳಿಸಿದ. ಮತ್ತೆ ಬಂತು, ಮತ್ತೆ ಕಳಿಸಿದ. ಕಳಿಸಲು ಏನೂ ಉಳಿಯದಿದ್ದಾಗ ಅವಳೂ ಉಳಿಯಲಿಲ್ಲ. ಹಣವೆಲ್ಲ ಏನಾಯಿತೆಂದು ಕೇಳಿದ ಅಕ್ಕನಿಗೆ, ಬಟ್ಟೆ ವ್ಯಾಪಾರಿ ಮೋಸ ಮಾಡಿದ ಎಂದು ಹೇಳಿದ.

ಮೋಸ ಹೋದದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ. ಕಂಡೂ ಮೋಸ ಹೋದದ್ದು ಮಾತ್ರ ಗಂಟಲಲ್ಲೇ ನಿಂತಿತ್ತು.

"ಇವನು ಸುಳ್ಳಮ್ಮ. ಜೇಬು ನೋಡಿ," ಎಂದ. ಬೆರಳಿಟ್ಟು ತೋರಿಸಿದ.

"ಸೆಲ್ಫಿ ಇರ್ಬೇಕು ಮಾಸ್ಟ್ರೇ. ಎಡ ಬಲ ಆಗುತ್ತೆ."

"ಎರಡು ಕೈಯಲ್ಲೂ ನಕ್ಷೆ ಇದ್ಯಲ್ಲ?"

"ಯಾರೋ ತೆಗೆದುಕೊಟ್ಟಿರ್ತಾರೆ."

ಮಾಸ್ಟರನಿಗೆ ತನ್ನ ಬಾಯಿ ಅವಳ ಮುಖದಲ್ಲಿ ಅಲ್ಲಾಡಿದಂತಾಯಿತು.

"ನೀವು ಬರೀ ಬಟ್ಟೆ ನೋಡ್ತೀರ," ಅವಳ ದನಿ ಏರಿತು. "ಮನುಷ್ಯನ್ನ ನೋಡಲ್ಲ. ಅವರ ಸಾಮಾನು ಬಂದರಿನಲ್ಲಿ ಸಿಕ್ಕಿಹಾಕ್ಕೊಂಡಿದೆ, ಪಾಪ, ನನ್ನ ಬಿಟ್ರೆ ಅವರಿಗೆ ಯಾರಿದ್ದಾರೆ? ಅಂಗಡಿ ಮೇಲೆ ಸಾಲ ಕೊಡ್ತೀವಿ ಅಂತ ಬ್ಯಾಂಕಿನವರು ಒಪ್ಪಿದ್ದಾರೆ. ಈಗ ಹೋಗಿ ಸಹಿ ಹಾಕಿದ್ರೆ ಇವತ್ತೇ ಕಳಿಸಬಹುದು."

ಚಿಕ್ಕಮ್ಮನ ಮಗಳು ಎಲ್ಲಿ ಬಿದ್ದುಹೋದಳೆಂದು ಯಾರೂ ಕೇಳಲಿಲ್ಲ. ಅಕ್ಕನ ಸೂಜಿ ಕೂಡ ನಿಂತಿತು.

"ಅಂಗಡಿ ಮೇಲೆ?" ಎಂದ ಮಾಸ್ಟರ್.

"ಸುಳ್ಳು ಹೇಳೋನು ಹೀಗೆ ಬರೀತಾನಾ? ಕೇಳಿ." ಅವಳು ಫೋನನ್ನು ಮೂಗಿನ ಹತ್ತಿರ ತಂದು, ಕೆಂಪಾಗಿ, ತಗ್ಗಿದ ದನಿಯಲ್ಲಿ ಓದಿದಳು. "‘ಬೆಳಿಗ್ಗೆ ನೀವು ಅಂಗಡಿ ಷಟರ್ ಎತ್ತೋ ಸದ್ದು ಇಷ್ಟು ದೂರದಿಂದ ನನಗೆ ಕೇಳಿಸುತ್ತೆ...’"

"ಅದು ಕೇಳಿದ ಮೇಲೇ ನನಗೆ ಬೆಳಗಾಗೋದು," ಎಂದ ಮಾಸ್ಟರ್.

ಹೇಳಬೇಕೆಂದು ಹೇಳಿದ್ದಲ್ಲ. ಎಷ್ಟೋ ಬೆಳಿಗ್ಗೆ ಷಟರಿನ ಹಿಡಿಕೆಗೆ ಕೈ ಹಾಕಿದಾಗ ಅವನೊಳಗೆ ತಾನಾಗಿಯೇ ಓಡುತ್ತಿದ್ದ ಸಾಲು ಅದು, ಬಾಯಿಗೆ ಬಂದುಬಿಟ್ಟಿತು. ಒಂದು ಕಾಲದಲ್ಲಿ ಆ ಸದ್ದು ಜೋರಾಗಿ ಬರಲೆಂದು ಷಟರಿಗೆ ಎಣ್ಣೆ ಬಿಡುವುದನ್ನೇ ನಿಲ್ಲಿಸಿದ್ದ.

ಕನ್ನಡಕದಂಗಡಿಯಾಕೆ ಫೋನನ್ನು ಎದೆಗೆ ಒತ್ತಿಕೊಂಡಳು. "ನನ್ನ ಫೋನ್ ನೋಡಿದ್ರಾ ನೀವು?"

"ಇಲ್ಲಮ್ಮ."

"ಮತ್ತೆ ಹೇಗೆ ಗೊತ್ತು?"

"ಒಬ್ಬ... ಒಬ್ಬ ಗಿರಾಕಿಗೆ ಇದೇ ಬಂದಿತ್ತು. ಅಕ್ಷರ ಅಕ್ಷರ ಇದೇ."

"ಯಾರು ಆ ಗಿರಾಕಿ?"

"ನಿಮಗೆ ಗೊತ್ತಿಲ್ಲ ಅವನು."

"ಇದ್ರೆ ಕರೀರಿ. ನಾನೇ ಕೇಳ್ತೀನಿ." ಅವಳ ಕಣ್ಣಲ್ಲಿ ನೀರಿತ್ತು, ಮಾತಿನಲ್ಲಿ ಬೆಂಕಿ. "ಇಲ್ಲ ಅಲ್ವಾ? ಆ ಲಿಫ್ಟ್ ಹುಡುಗೀನ ಆಡಿಕೊಂಡ ಹಾಗೆ ನನ್ನನ್ನೂ ಆಡಿಕೊಳ್ಳಬೇಕು ನಿಮಗೆ. ಬೀದಿಯವರಿಗೆ ಹೊಸ ಕತೆ ಬೇಕು. ಬರ್ತೀನಿ, ಬ್ಯಾಂಕಿನಲ್ಲಿ ಕಾಯ್ತಿರ್ತಾರೆ."

ಅವಳು ಮೆಟ್ಟಿಲ ಕಡೆ ತಿರುಗಿದಳು.

ಮಾಸ್ಟರ್ ಅಕ್ಕನ ಕಡೆ ನೋಡಿದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತಂತೆ ಎಂಬ ಗಾದೆಯನ್ನು ಚಿಕ್ಕಂದಿನಲ್ಲಿ ಅವನಿಗೆ ಹೇಳಿಕೊಟ್ಟವಳೇ ಅವಳು. ಈಗ ಬಾಯಿ ಬಿಟ್ಟರೆ ನಾಳೆ ಬೀದಿಯ ಬೆರಳುಗಳೆಲ್ಲ ಏನಾಡುತ್ತವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಆಡಿಸಿ ಅಭ್ಯಾಸವಿದ್ದವನು. ಬಾಯಿ ಬಿಡದಿದ್ದರೆ ಎದುರಿನ ಅಂಗಡಿಯ ಹಲಗೆಯ ಮೇಲೆ ಬೇರೆ ಹೆಸರು ಬರುತ್ತದೆ.

"ನಿಂತ್ಕೊಳ್ಳಿ," ಎಂದ.

ನಾಲಿಗೆಯ ಮೇಲೆ ನಂಬಿಕೆ ಹೋಗಿ ಅವನು ಹಿಂಗೋಡೆಗೆ ನಡೆದ. ಕಂಬಿಯಿಂದ ಕೋಟನ್ನು ಇಳಿಸಿದ. ಪ್ಲಾಸ್ಟಿಕ್ ಚೀಲ ಸರಸರ ಎಂದಿತು. ಮೊದಲು ಎಡತೋಳು, ಆಮೇಲೆ ಬಲತೋಳು. ಗಿರಾಕಿಗಳಿಗೆ ಸಾವಿರ ಸಲ ಮಾಡಿದಂತೆ ಕೊರಳಪಟ್ಟಿ ಎಳೆದುಕೊಂಡ, ಗುಂಡಿ ಹಾಕಿದ, ತೋಳುಗಳನ್ನು ಪಕ್ಕಕ್ಕೆ ಇಳಿಬಿಟ್ಟು ಅಂಗಡಿಯ ನಡುವೆ ನಿಂತ.

ಕೋಟು ಎಲ್ಲೂ ಒಂದು ಸುಕ್ಕಿಲ್ಲದೆ ಕೂತಿತು. ಹೆಗಲು ಹೆಗಲಲ್ಲಿ, ತೋಳು ಮಣಿಕಟ್ಟಿನಲ್ಲಿ. ಫೋಟೊ ತೆಗೆದಿದ್ದರೆ, ಇದು ಸ್ವಂತದ್ದು ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು.

ಕನ್ನಡಕದಂಗಡಿಯಾಕೆ ಅವನ ಹೆಗಲನ್ನು ನೋಡಿದಳು, ಎದೆಯ ಜೇಬನ್ನು ನೋಡಿದಳು, ಮುಖಕ್ಕೆ ಬರುವ ಮುಂಚೆ ಕಣ್ಣನ್ನು ನೆಲಕ್ಕಿಳಿಸಿದಳು.

"ಅಂತೂ ಗಿರಾಕಿ ಬಂದ," ಎಂದಳು ಅಕ್ಕ.

ಯಾರೂ ನಗಲಿಲ್ಲ. ಅವಳೂ ನಗಿಸಲು ಹೇಳಿದಂತಿರಲಿಲ್ಲ.

"ಅವಳು ನರ್ಸ್ ಅಂತ ಹೇಳಿದ್ಲು," ಎಂದ ಮಾಸ್ಟರ್. ಮಗ್ಗಿ ಮರೆತ ಮಗುವಿನ ದನಿಯಾಗಿತ್ತು ಅದು. "ಗುಂಡಿ ಬಲಕ್ಕಿತ್ತು. ನಾನು ಮೊದಲ ದಿನವೇ ನೋಡಿದ್ದೆ."

"ನೀವೇನು ಬರೆದ್ರಿ ಅವಳಿಗೆ?" ಕನ್ನಡಕದಂಗಡಿಯಾಕೆ ನೆಲವನ್ನೇ ಕೇಳಿದಳು. "ಷಟರ್ ಸದ್ದಿಗೆ?"

ಹಣ ಹೋದದ್ದನ್ನು ಹೇಳಬಹುದು, ಕಾದದ್ದನ್ನೂ ಹೇಳಬಹುದು. ಐವತ್ತು ದಾಟಿದ ಗಂಡಸು, ಅಕ್ಕನ ಎದುರಿಗೆ, ಆ ಉತ್ತರವನ್ನು ಹೇಗೆ ಹೇಳುವುದು?

"ನೀವು ಬರೆದಿದ್ದೇ ಇರ್ಬೇಕು," ಎಂದ.

ಅವಳು ಮುಖ ಮುಚ್ಚಿಕೊಂಡಳು. ಆಗಲೇ ಅವಳ ಫೋನು ಟಿಣ್ ಎಂದಿತು. ನೋಡದೆಯೇ ಮೂವರಿಗೂ ಗೊತ್ತಿತ್ತು, ಬ್ಯಾಂಕಿಗೆ ಹೋದೆಯಾ ಎಂದು ಸೇತುವೆಯವನು ಕೇಳುತ್ತಿದ್ದಾನೆ. ಇನ್ನೊಮ್ಮೆ ಟಿಣ್ ಎಂದಿತು. ಅವಳು ಅದನ್ನು ತೆರೆಯದೆ ಚೀಲದ ತಳಕ್ಕೆ ತುರುಕಿ, ಮೆಟ್ಟಿಲಿಳಿದಳು.

ಬ್ಯಾಂಕು ಎಡಕ್ಕೆ. ಅವಳ ಅಂಗಡಿ ನೇರ ಎದುರಿಗೆ. ರಸ್ತೆಯ ನಡುವೆ ನಿಂತಳು. ಸ್ಕೂಟರಿನವನೊಬ್ಬ ಹಾರನ್ ಹೊಡೆದು ಸುತ್ತಿಕೊಂಡು ಹೋದ. ಮಾಸ್ಟರ್ ಬಾಗಿಲಿಗೆ ಬಂದು ನೋಡುತ್ತಿದ್ದ. ಅವಳು ನೇರ ದಾಟಿದಳು. ಒಳಗೆ ಹೋಗಿ, ಹಗಲು ವ್ಯಾಪಾರದ ಹೊತ್ತಿನಲ್ಲಿ, ಒಳಗಿನಿಂದಲೇ ಷಟರನ್ನು ಪೂರ್ತಿ ಎಳೆದುಕೊಂಡಳು.

ಆ ಸದ್ದು ಬೀದಿಗೆಲ್ಲ ಕೇಳಿಸಿತು. ಪಕ್ಕದ ಬೇಕರಿಯವನು ಹೊರಗೆ ಬಂದು ಷಟರನ್ನು ನೋಡಿದ. ಆಮೇಲೆ ಈ ಕಡೆ ತಿರುಗಿ, ಬಾಗಿಲಲ್ಲಿ ಕೋಟು ತೊಟ್ಟು ನಿಂತ ಮಾಸ್ಟರನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಏನ್ ಮಾಸ್ಟ್ರೇ, ಮದುಮಗನ ಹಾಗೆ ಇದ್ದೀರಲ್ಲ! ಯಾರದು ಕೋಟು?"

ಬಾಯಿಗೆ ಅದೇ ಹಳೆಯ ಉತ್ತರ ಬಂತು. ಹಿಂದೆ ಅಕ್ಕನ ಸೂಜಿ ಕಾಯುತ್ತಿತ್ತು.

"ನಂದೇ," ಎಂದ ಮಾಸ್ಟರ್.

ಒಳಗೆ ಬಂದು ಗುಂಡಿಗಳನ್ನು ಬಿಚ್ಚದೆಯೇ ಕೋಟನ್ನು ಎಳೆಯತೊಡಗಿದ. ಅಕ್ಕ ಎದ್ದು ಬಂದು ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು.

"ಬಿಡೋ, ಕಾಜ ಹರಿದುಬಿಡ್ತೀಯ. ಆ ಬಟ್ಟೆ ವ್ಯಾಪಾರಿಗೆ ಒಂದು ವರ್ಷದಿಂದ ಶಾಪ ಹಾಕ್ತಿದ್ದೀನಲ್ಲೋ," ಎಂದಳು, ತಮ್ಮನ ಮುಖ ನೋಡದೆ, ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತ.