ಎರಡನೇ ಸಿನಿಮಾದ ಕಣ್ಣು

ರೇಣುಕಮ್ಮ ಸಂತೆಚೀಲವನ್ನು ಅಂಗಳದಲ್ಲೇ ಕುಕ್ಕಿ, ಒಳಗೆ ಬರದೆ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಚೀಲದಿಂದ ಎರಡು ಬದನೆಕಾಯಿ ಉರುಳಿ ಮಣ್ಣಿಗೆ ಬಿದ್ದರೂ ತಿರುಗಿ ನೋಡಲಿಲ್ಲ. ಗಡ್ಡ ಬೋಳಿಸಿಕೊಳ್ಳಲೋ ಬೇಡವೋ ಎಂದು ಕನ್ನಡಿಯ ಮುಂದೆ ನಿಂತಿದ್ದ ವಿರುಪಾಕ್ಷಿ ಹೆಂಡತಿಯ ಮುಖ ನೋಡಿ ಹೊರಗೆ ಬಂದ.

"ಏನಾತು?"

"ಬಸ್ ಸ್ಟ್ಯಾಂಡ್ ಮುಂದ ನಿಮ್ಮ ಫೋಟೋಕ್ಕ ಮಾಲಿ ಹಾಕ್ಯಾರ್ರಿ. ಆಳೆತ್ತರದ ಫ್ಲೆಕ್ಸ್. ಊದಿನಕಡ್ಡಿ ಹಚ್ಯಾರ. ಕೆಳಗ ಭಾವಪೂರ್ಣ ಶ್ರದ್ಧಾಂಜಲಿ ಅಂತ ಬರದಾರ."

"ನಂದಲ್ಲಬೇ, ಇಂದ್ರಸೇನ ಸಾಹೇಬ್ರದ್ದು. ನಿನ್ನೆ ಬೆಂಗಳೂರಾಗ ತೀರಿಕೊಂಡ್ರಲ್ಲ, ಅದಕ್ಕ ಹಾಕಿರ್ತಾರ."

"ನಿಮ್ಮ ಕೂಡ ಬಾಳೇ ಮಾಡೀನ್ರಿ ನಾ. ಗಂಡ ಯಾರು, ಸಾಹೇಬ್ರು ಯಾರು ಅನ್ನೂದು ತಿಳಿಯಂಗಿಲ್ಲೇನು?" ರೇಣುಕಮ್ಮ ತನ್ನ ಎಡಹುಬ್ಬು ಮುಟ್ಟಿ ತೋರಿಸಿದಳು. "ಎಡಗಡಿ ಹುಬ್ಬಿನಾಗ ಕಲಿ ಐತಿ. ಬಚ್ಚಲದಾಗ ಜಾರಿ ಬಿದ್ದಾಗ ಆದದ್ದು. ಸಾಹೇಬ್ರೂ ನಮ್ಮ ಬಚ್ಚಲದಾಗ ಬಿದ್ದಿದ್ರೇನು? ಹೋಗಿ ಈಗಿಂದೀಗ ತಗಸ್ರಿ. ನಾ ಕುಂಕುಮ ಹಚ್ಚಿಕೊಂಡು ಅದರ ಮುಂದ ಹೆಂಗ ತಿರಗ್ಯಾಡ್ಲಿ?"

ಈ ಗೊಂದಲ ಅರ್ಥವಾಗಬೇಕಾದರೆ ವಿರುಪಾಕ್ಷಿ ಯಾರೆಂಬುದನ್ನು ಹೇಳಬೇಕು. ಇಂದ್ರಸೇನ ದೊಡ್ಡ ನಟ. ಆರು ಸಿನಿಮಾಗಳಲ್ಲಿ ಏಜೆಂಟ್ ಪಾರ್ಥ ಎಂಬ ಒಂದೇ ಗೂಢಚಾರಿಯ ಪಾತ್ರ ಮಾಡಿ, ಜನ ಅವನ ಸ್ವಂತ ಹೆಸರನ್ನೇ ಮರೆಯುವಂತೆ ಮಾಡಿದವನು. ವಿರುಪಾಕ್ಷಿ ಅವನ ಜೂನಿಯರ್. ತಾಹೇರನ ಆರ್ಕೆಸ್ಟ್ರಾ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಗೆ ಹೋದಾಗ ಕಪ್ಪು ಕೋಟು ತೊಟ್ಟು ವೇದಿಕೆಗೆ ಬಂದು, ಕಪ್ಪು ಕನ್ನಡಕವನ್ನು ಮೆಲ್ಲಗೆ ತೆಗೆದು ಒಂದು ನೋಟ ಬೀರುವುದು ಅವನ ಕೆಲಸ. ಆ ಒಂದು ನೋಟಕ್ಕೆ ಹನುಮಸಾಗರದಂಥ ಊರಿನಲ್ಲಿ ಗಂಡಸರು ರುಮಾಲು ಹಾರಿಸುತ್ತಿದ್ದರು. ಗಂಗಾವತಿಯಲ್ಲಿ ಅವನನ್ನು ವಿರುಪಾಕ್ಷಿ ಎಂದು ಕರೆಯುವವರು ಕಡಿಮೆ. ರೇಷನ್ ಅಂಗಡಿಯವನಿಗೂ ಅವನು "ಜೂನಿಯರ್" ಅಷ್ಟೇ. ಸೀನಿಯರ್ ಯಾರೆಂದು ಎಲ್ಲರಿಗೂ ಗೊತ್ತಿರುವುದರಿಂದ ಪೂರ್ತಿ ಹೆಸರಿನ ಅಗತ್ಯವೇ ಬೀಳುತ್ತಿರಲಿಲ್ಲ.

ದೊಡ್ಡವರು ಮೈ ಬಿಟ್ಟರೂ ನಡೆಯುತ್ತದೆ, ಜೂನಿಯರ್ ಮೈ ಬಿಟ್ಟರೆ ಯಾರೂ ಕರೆಯುವುದಿಲ್ಲ. ಇಂದ್ರಸೇನ ಒಂದೊಂದು ಸಿನಿಮಾಕ್ಕೂ ದಪ್ಪಗಾಗುತ್ತ ಹೋದ. ಹಳ್ಳಿಯ ಜನಕ್ಕೆ ಮಾತ್ರ ಎರಡನೇ ಸಿನಿಮಾದ ಆ ತೆಳ್ಳಗಿನ ಪಾರ್ಥನೇ ಬೇಕಾಗಿತ್ತು. ಹೀಗಾಗಿ ವಿರುಪಾಕ್ಷಿ ಭತ್ತದ ನಾಡಿನಲ್ಲಿದ್ದುಕೊಂಡು ಅನ್ನ ಬಿಟ್ಟ. ಬೆಳಿಗ್ಗೆ ಎದ್ದು ಕಾಲುವೆಯ ದಂಡೆಗುಂಟ ಓಡಿದ. ಬೆಂಗಳೂರಿನಲ್ಲಿ ಇಂದ್ರಸೇನನೇ ಕೈಬಿಟ್ಟ ಪಾರ್ಥನನ್ನು ಗಂಗಾವತಿಯ ಈ ಮನುಷ್ಯ ಇಷ್ಟು ವರ್ಷ ಸಾಕಿಕೊಂಡು ಬಂದ. ಇದಕ್ಕೆ ಯಾರೂ ಶಾಲು ಹೊದಿಸಲಿಲ್ಲ ಅನ್ನುವುದು ಬೇರೆ ಮಾತು.

ವಿರುಪಾಕ್ಷಿ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದ. ರೇಣುಕಮ್ಮನ ಮಾತು ಸುಳ್ಳಾಗಿರಲಿಲ್ಲ. ಚೆಂಡುಹೂವಿನ ಮಾಲೆಯ ನಡುವೆ ಅವನೇ ನಿಂತಿದ್ದ. ಕೈಯಲ್ಲಿ ಆಗತಾನೆ ತೆಗೆದ ಕನ್ನಡಕ, ಹುಬ್ಬಿನಲ್ಲಿ ಕಲೆ. ಪಕ್ಕದ ಚಹಾ ಅಂಗಡಿಯಲ್ಲಿ ನಾಲ್ಕೈದು ಜನ ನಿಂತಿದ್ದರು. ಕುರುಚಲು ಬಿಳಿಗಡ್ಡ, ಹಳೆಯ ಅಂಗಿ, ಹವಾಯಿ ಚಪ್ಪಲಿಯಲ್ಲಿದ್ದ ವಿರುಪಾಕ್ಷಿಯನ್ನು ಒಬ್ಬರೂ ಗುರುತಿಸಲಿಲ್ಲ. ಅವನೂ ಒಂದು ಚಹಾ ಹೇಳಿ ಅವರ ಹಿಂದೆ ನಿಂತ.

ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎನ್ನುವ ಮಾತು ಚಹಾ ಅಂಗಡಿಗೆ ಲಾಗೂ ಆಗುವುದಿಲ್ಲ. ನಾಲಿಗೆಗೆ ಎಲುಬಿಲ್ಲ, ಅದರ ಮೇಲೆ ಬಿಸಿ ಚಹಾ ಬೇರೆ ಬಿದ್ದಿರುತ್ತದೆ. ರಿಟೈರಾದ ಕಂಡಕ್ಟರನೊಬ್ಬ ನ್ಯಾಯಾಧೀಶನಂತೆ ತೀರ್ಪು ಕೊಡುತ್ತಿದ್ದ.

"ಮೊದಲನೇದು ಸುಮಾರು. ಎರಡನೇದು ಬಂಗಾರ. ಮೂರನೇದ್ರಾಗ ಹೊಟ್ಟಿ ಬಂತು. ನಾಕನೇದ್ರಾಗ ಓಡಾವ ಯಾವನೋ, ಏದುಸಿರು ಬಿಡಾವ ಇವನು."

"ಐದು, ಆರು?" ಎಂದ ಕಿರಾಣಿ ಅಂಗಡಿಯವ.

"ಅವನ್ನ ಬಿಡ್ರಿ. ಗೂಢಚಾರಿ ಅಂದ್ರ ಬಂದದ್ದು ಹೋದದ್ದು ಯಾರಿಗೂ ಗೊತ್ತಾಗಬಾರ್ದು. ಈ ಮನಷ್ಯಾ ಬಂದ್ರ ಮದುವಿ ಮನಿಗೆ ಬ್ಯಾಂಡ್ ಬಂದಂಗ ಆಗ್ತಿತ್ತು. ಎರಡಕ್ಕ ನಿಂದ್ರಿಸಿದ್ರ ದೇವ್ರಾಗಿ ಹೋಗ್ತಿದ್ದ. ಆಸೆ ಬಿಡಲಿಲ್ಲ."

ವಿರುಪಾಕ್ಷಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಕೊನೆಯ ಸಿನಿಮಾ ನೋಡಿ ಬಂದ ದಿನ ಅವನೂ ಮನಸ್ಸಿನಲ್ಲಿ ಇದೇ ತೀರ್ಪು ಕೊಟ್ಟಿದ್ದ. ಬಾಯಿಬಿಟ್ಟು ಮಾತ್ರ ಯಾರಿಗೂ ಹೇಳಿರಲಿಲ್ಲ. ತಾನು ಕುಳಿತ ಕೊಂಬೆಯನ್ನು ತಾನೇ ಕಡಿಯುವವರುಂಟೇ?

ಕಂಡಕ್ಟರ ಗ್ಲಾಸು ಕೆಳಗಿಟ್ಟು ಫ್ಲೆಕ್ಸಿನ ಕಡೆ ಕೈ ಮಾಡಿದ. "ಅದರ ಸಲುವಾಗಿ ಹೇಳಾಕತ್ತೀನಿ. ಈ ಫೋಟೋ ನೋಡ್ರಿ, ಎರಡನೇ ಸಿನಿಮಾದ್ದು. ಆ ಕಣ್ಣು ನೋಡ್ರಿ. ಎದಿಯಾಗ ಹೊಕ್ಕು ಹುಡುಕಿದಂಗ ಐತಿ. ಇಂಥಾ ಕಣ್ಣು ಇನ್ನೊಬ್ಬಗ ಎಲ್ಲೈತಿ? ಈ ಒಂದು ಕಣ್ಣಿನ ಸಲುವಾಗಿ ಉಳಿದ ನಾಕು ಸಿನಿಮಾ ಮಾಫ್!"

ವಿರುಪಾಕ್ಷಿ ಗ್ಲಾಸು ಹಿಡಿದೇ ಫ್ಲೆಕ್ಸಿನ ಕಡೆ ತಿರುಗಿದ. ಅವನ ಜೀವಮಾನದಲ್ಲಿ ಯಾರೂ ಅವನ ಕಣ್ಣಿನ ಬಗ್ಗೆ ಹೀಗೆ ಮಾತಾಡಿರಲಿಲ್ಲ. "ಥೇಟ್ ಸಾಹೇಬ್ರಂಗ" ಎಂದವರಿದ್ದರು, ಅಷ್ಟೇ. ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷದ ಮೇಲೆ ಊದಿನಕಡ್ಡಿಯ ಹೊಗೆ ಹಾಯ್ದು ಹೋಗುತ್ತಿತ್ತು.

ಫ್ಲೆಕ್ಸ್ ಹೊಡೆದವನು ಪ್ರಭುರಾಜ. ತಾಹೇರನ ಆರ್ಕೆಸ್ಟ್ರಾದ ಫ್ಲೆಕ್ಸುಗಳೂ ಅವನ ಅಂಗಡಿಯವೇ. ವಿರುಪಾಕ್ಷಿ ಹೋಗಿ ವಿಷಯ ಹೇಳಿದ ಕೂಡಲೇ ಅವನ ಮುಖ ಸುಣ್ಣ ಬಳಿದಂತಾಯಿತು.

"ಯಪ್ಪಾ! ಕಂಪ್ಯೂಟರಿನಾಗ ಇಂದ್ರಸೇನ ಅಂತ ಹುಡುಕಿದ್ನಿ, ನಿಂದು ಬಂತು. ಜೂನಿಯರ್ ಅಂತ ಬರಕೊಂಡಿರಲಿಲ್ಲ ನೋಡು. ಆರ್ಡರ್ ಮ್ಯಾಲ ಆರ್ಡರ್ ಇದ್ವು." ಪ್ರಭುರಾಜ ಬಾಗಿಲನ್ನು ಅರ್ಧ ಮುಚ್ಚಿದ. "ಅಣ್ಣಾ, ಕೈ ಮುಗೀತೀನಿ, ಬಾಯಿ ಬಿಡಬ್ಯಾಡ. ಅಭಿಮಾನಿ ಸಂಘದ ಶರಣಬಸಪ್ಪ ಸಾವ್ಕಾರ್ರಿಗೆ ಗೊತ್ತಾದ್ರ ಹುಡುಗ್ರು ಬಂದು ಮಷೀನ್ ಒಡೀತಾರ. ಸಾಯಂಕಾಲ ಸಭಾ ಮುಗದ ಕೂಡ್ಲೆ ನಾನ ಇಳಸ್ತೀನಿ."

"ನಮ್ಮಾಕಿ ಅಳಾಕತ್ತಾಳಪಾ."

"ಹೆಣ್ಮಕ್ಕಳಿಗೆ ಸಮಾಧಾನ ಹೇಳಿದ್ರಾತು. ನೀ ಒಂದು ವಿಚಾರ ಮಾಡು. ಊರಿಗೂರ ನೋಡೈತಿ. ಒಬ್ಬನರ ಇದು ಜೂನಿಯರ್ ಅಂದ್ನೇನು? ಇದಕ್ಕಿಂತ ದೊಡ್ಡ ಬಿರುದು ನಿನಗ ಯಾರು ಕೊಡ್ತಾರ?"

ಆ ಮಾತು ನೇರವಾಗಿ ಹೋಗಿ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ವಿರುಪಾಕ್ಷಿ ಮನೆಗೆ ಬಂದು, ಚಪ್ಪಲಿ ಬಿಡುತ್ತ, ಹೆಂಡತಿಯ ಮುಖ ನೋಡದೆ, "ತಗಿಸಿ ಬಂದೆ" ಎಂದ. ರೇಣುಕಮ್ಮ ದೊಡ್ಡದೊಂದು ಉಸಿರು ಬಿಟ್ಟಳು. ಅವನನ್ನು ಮೂಡಣಕ್ಕೆ ಮುಖ ಮಾಡಿ ಕೂಡಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು, ಹಾದಿಯಲ್ಲಿ ಕಂಡವರಿಗೆಲ್ಲ ಶಾಪ ಹಾಕಿ, ಆಮೇಲೆ ಬದನೆಕಾಯಿ ಆರಿಸಿಕೊಂಡು ಒಳಗೆ ಹೋದಳು. ಅವಳು ನಂಬಿದ್ದು ನೋಡಿ ಅವನಿಗೆ ನಾಚಿಕೆಯಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಸಂಜೆಯತನಕದ ಮಾತು ಎಂದು ಸಮಾಧಾನ ಮಾಡಿಕೊಂಡ.

ಮಧ್ಯಾಹ್ನ ಶರಣಬಸಪ್ಪನ ಫೋನು ಬಂತು. ಅಕ್ಕಿ ಗಿರಣಿಯ ಮಾಲೀಕ, ಮಾತಿಗೆ ಎದುರಾಡುವವರಿಲ್ಲ. "ಜೂನಿಯರ್, ನಾಕಕ್ಕ ಸಭಾ ಐತಿ. ಡ್ರೆಸ್ಸಿನಾಗ ಬಾ. ಮೊದಲ ಹೂವು ನಿನ್ನ ಕೈಲೆ ಹಾಕಸ್ತೀವಿ." ವಿರುಪಾಕ್ಷಿ ಗಡ್ಡ ಬೋಳಿಸಿ, ತಲೆಗೆ ಬಣ್ಣ ಹಚ್ಚಿ, ಕೋಟು ತೊಟ್ಟು ಹೊರಟ. ತಾನೂ ಬರುತ್ತೇನೆಂದ ಹೆಂಡತಿಗೆ "ಗದ್ದಲ ಇರ್ತೈತಿ, ಬ್ಯಾಡ" ಎಂದ. ಅವಸರದಲ್ಲಿ ಕಪ್ಪು ಕನ್ನಡಕವನ್ನು ಗೂಡಿನಲ್ಲೇ ಮರೆತ.

ಫ್ಲೆಕ್ಸಿನ ಮುಂದೆಯೇ ಪೆಂಡಾಲು ಹಾಕಿದ್ದರು. ಜನ ಕಿಕ್ಕಿರಿದಿತ್ತು. ಶರಣಬಸಪ್ಪ ಮೈಕು ಹಿಡಿದು ಅತ್ತ, ಕಣ್ಣು ಒರೆಸಿಕೊಂಡ, ಮತ್ತೆ ಅತ್ತ. ಆಮೇಲೆ ವಿರುಪಾಕ್ಷಿಯ ಭುಜ ಹಿಡಿದು ಫ್ಲೆಕ್ಸಿನ ಪಕ್ಕಕ್ಕೆ ನಿಲ್ಲಿಸಿದ.

"ಬಂಧುಗಳೇ, ನಮ್ಮ ಜೂನಿಯರ್ ಅದಾನ. ಪಾಪ, ಭಾಳ ಕಷ್ಟ ಪಟ್ಟಾನ, ಇಲ್ಲ ಅನ್ನಂಗಿಲ್ಲ. ಆದ್ರ ಈಗ ಇಬ್ಬರನ್ನೂ ಕೂಡಿಸಿ ನೋಡ್ರಿ. ಆ ಕಣ್ಣು ನೋಡ್ರಿ, ಈ ಕಣ್ಣು ನೋಡ್ರಿ. ಐತೇನು ಹೋಲಿಕಿ? ಆ ಕಣ್ಣಿನಾಗ ಬೆಂಕಿ ಐತಿ. ಇವನ ಕಣ್ಣಾಗ ಬರೇ ನಿದ್ದಿ. ಅಸಲಿ ಅಸಲಿನ, ನಕಲಿ ನಕಲಿನ!"

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಮುಂದೆ ಕುಳಿತ ಕಂಡಕ್ಟರ, "ಹದಿನಾರಾಣೆ ಬಿಡ್ರಿ, ನಾಕಾಣೆನೂ ಇಲ್ಲ" ಎಂದು ಕೂಗಿದ. ವಿರುಪಾಕ್ಷಿ ನಗಬೇಕಾದ ಜಾಗದಲ್ಲಿ ನಕ್ಕ. ತನ್ನ ಕಣ್ಣಿಗೆ ತನ್ನ ಕಣ್ಣೇ ಸೋತದ್ದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಕೈಗೆ ಕೊಟ್ಟ ಹೂವಿನ ಬುಟ್ಟಿ ಹಿಡಿದು ಫೋಟೋದ ಕಡೆ ಹೆಜ್ಜೆ ಇಟ್ಟ.

"ಏನ್ರೀ!"

ವೇದಿಕೆಯ ಪಕ್ಕದಲ್ಲಿ ರೇಣುಕಮ್ಮ ನಿಂತಿದ್ದಳು. ಮರೆತ ಕನ್ನಡಕ ಕೊಡಲೆಂದು ಬಂದವಳು. ಅವಳ ಕಣ್ಣು ಫ್ಲೆಕ್ಸಿನ ಮೇಲಿತ್ತು.

"ತಗಿಸಿ ಬಂದೆ ಅಂದಿದ್ರಲ್ಲ," ಎಂದಳು. ಆಮೇಲೆ ಜನರ ಕಡೆ ತಿರುಗಿ ದನಿ ಎತ್ತರಿಸಿದಳು. "ಇದು ನನ್ನ ಗಂಡನ ಫೋಟೋ ಐತಿ. ಜೀವಂತ ಅದಾರ, ಇಲ್ಲೇ ನಿಂತಾರ ನೋಡ್ರಿ. ಮಾಲಿ ತಗೀರಿ ಮೊದಲ!"

ಎಲ್ಲೋ ಹಿಂದೆ ಯಾರೋ ನಕ್ಕರು. ಆ ನಗು ಮುಂದಕ್ಕೆ ಹರಿದು ಬಂತು. ಶರಣಬಸಪ್ಪ ಮಾತ್ರ ನಗಲಿಲ್ಲ. "ಏನಪಾ ಜೂನಿಯರ್? ನಿಮ್ಮಾಕಿ ಏನಂತಾಳ? ಯಾರ ಫೋಟೋ ಇದು?" ಎಂದು ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದ.

ಕೆಳಗೆ ಕಂಬಕ್ಕೊರಗಿ ನಿಂತಿದ್ದ ಪ್ರಭುರಾಜ ಕೈ ಮುಗಿದ. ಆದರೆ ವಿರುಪಾಕ್ಷಿ ಅವನ ಮಷೀನಿನ ಚಿಂತೆ ಮಾಡುತ್ತಿರಲಿಲ್ಲ. ಅವನು ಫ್ಲೆಕ್ಸಿನ ಕಣ್ಣುಗಳನ್ನು ನೋಡುತ್ತಿದ್ದ. ಹೌದು, ಬೆಂಕಿ ಇತ್ತು. ನನ್ನದು ಎಂದು ಒಂದು ಮಾತು ಆಡಿದರೆ ಸಾಕು, ಈ ಜನ ಮತ್ತೊಮ್ಮೆ ತಲೆಯೆತ್ತಿ ನೋಡುತ್ತಾರೆ, ಆಗ ಅಲ್ಲಿ ಬೆಂಕಿ ಕಾಣುವುದಿಲ್ಲ, ಜೂನಿಯರ್‌ನ ನಿದ್ದೆಗಣ್ಣು ಕಾಣುತ್ತದೆ. ಇಡೀ ಬಾಳಿನಲ್ಲಿ ಒಂದೇ ಒಂದು ದಿನ ಸಿಕ್ಕ ಮೆಚ್ಚುಗೆ ಅದು. ಉಳಿಯಬೇಕಾದರೆ ತನ್ನದಲ್ಲ ಎನ್ನಲೇಬೇಕು.

"ಸಾಹೇಬ್ರ ಫೋಟೋರಿ," ಎಂದ ಮೈಕಿನಲ್ಲಿ. "ನಮ್ಮಾಕಿಗೆ ಗುರ್ತ ತಪ್ಪೈತಿ."

ಜನ ಗೊಳ್ಳೆಂದರು. "ಕಟ್ಟಿಕೊಂಡ ಹೆಂಡ್ತಿಗೇ ಗುರ್ತ ಸಿಗಲಿಲ್ಲಂದ್ರ ಜೂನಿಯರ್ ಪಾಸ್!" ಎಂದು ಶರಣಬಸಪ್ಪನೂ ನಕ್ಕುಬಿಟ್ಟ. ವಿರುಪಾಕ್ಷಿ ಬಾಗಿ ಹೂವು ಹಾಕಿದ. ತಿರುಗಿ ನೋಡುವಷ್ಟರಲ್ಲಿ ರೇಣುಕಮ್ಮ ಇರಲಿಲ್ಲ. ಕನ್ನಡಕ ವೇದಿಕೆಯ ಅಂಚಿನಲ್ಲಿತ್ತು.

ಅವನು ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಪಕ್ಕದ ಮನೆಯ ಜೈನಾಬೀ ಅವನ ಬಾಗಿಲಿನಿಂದ ಹೊರಗೆ ಬರುತ್ತಿದ್ದಳು.

"ಯಾರು ಹೋದ್ರು ವಿರುಪಾಕ್ಷಣ್ಣ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. "ಸತ್ತ ಮನ್ಯಾಗ ಒಲಿ ಹಚ್ಚಬಾರ್ದು ಅಂತ ಕುಂತಾಳ ರೇಣುಕಕ್ಕ. ಯಾರಬೇ ಅಂದ್ರ ಬಾಯಿ ಬಿಡವಲ್ಲಳು. ಹಂಗ ಉಪವಾಸ ಬಿಡಾಕ ಬರ್ತೈತೇನು? ಒಂದೀಟು ರೊಟ್ಟಿ ಪಲ್ಯ ತಂದಿಟ್ಟೀನಿ."

"ಇರ್ಲಿ ತಂಗಿ. ದೂರದವರು," ಎಂದ ವಿರುಪಾಕ್ಷಿ.

ಒಳಗೆ ರೇಣುಕಮ್ಮ ತಲೆಯ ತುಂಬ ಸೆರಗು ಹೊದ್ದು ಗೋಡೆಗೊರಗಿ ಕುಳಿತಿದ್ದಳು. ಹಣೆಯ ಕುಂಕುಮ ಹಾಗೇ ಇತ್ತು. ಅವನು ಹೊಸ್ತಿಲು ದಾಟಲು ಕಾಲೆತ್ತಿದ.

"ಅಲ್ಲೇ ನಿಂದರ್ರಿ," ಎಂದಳು. ಸಿಟ್ಟಿನ ದನಿಯಲ್ಲ. "ಮಣ್ಣಿಗೆ ಹೋಗಿ ಬಂದವ್ರು ಹಂಗ ಒಳಗ ಬರಬಾರ್ದು. ತಲಿ ಮ್ಯಾಲ ನೀರು ಹಾಕ್ಕೊಂಡು ಬರ್ರಿ."

ವಿರುಪಾಕ್ಷಿ ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಮನೆಯ ಹಿಂದಕ್ಕೆ ನಡೆದು, ಕೋಟು ಬಿಚ್ಚಿ ಬೇಲಿಯ ಮೇಲೆ ಹಾಕಿ, ನೀರಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಒಲೆ ಹಚ್ಚಿರಲಿಲ್ಲವಾದ್ದರಿಂದ ಬಿಸಿನೀರಿರಲಿಲ್ಲ. ತಂಬಿಗೆಯಲ್ಲಿ ತಣ್ಣೀರು ಮೊಗೆದು ನೆತ್ತಿಯ ಮೇಲೆ ಸುರಿದುಕೊಂಡ. ತಲೆಗೆ ಹಚ್ಚಿದ ಬಣ್ಣ ಕರಗಿ, ಕಣ್ಣಿನ ಮೇಲಿಂದ ಕಪ್ಪಗೆ ಇಳಿಯತೊಡಗಿತು.