ಹೆಸರು, ಊರು ಹಾಕಿ ಉಳಿಸಿದ ಫೈಲು

ಪರೀಕ್ಷೆಯ ಫೈಲು ಒತ್ತಿದರೆ ಪರೀಕ್ಷೆ ತೆರೆಯಲಿಲ್ಲ. ಕನ್ನಡ ಟೈಪಿಂಗ್ ತಂತ್ರಾಂಶ ತೆರೆದುಕೊಂಡು ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳನ್ನು ಸುರಿಯಿತು. ದ್ರಾಕ್ಷಾಯಿಣಿ ಮುಚ್ಚಿ ಮತ್ತೆ ಒತ್ತಿದಳು. ಮತ್ತೆ ಅದೇ.

ಪರೀಕ್ಷೆ ಹತ್ತಕ್ಕೆ. ಹತ್ತೂವರೆಯ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ದೂರಶಿಕ್ಷಣದ ಎಂ.ಕಾಂ.ನಲ್ಲಿ ಅವಳಿಗೆ ಉಳಿದದ್ದು ಇದೊಂದೇ ವಿಷಯ, ಅದನ್ನು ಬರೆಯಲು ಉಳಿದದ್ದೂ ಇದೊಂದೇ ಅವಕಾಶ. ಅಂಕಪಟ್ಟಿ ತಂದರೆ ಜೂನ್‌ನಿಂದ ಪಾಠ ಮಾಡಲು ಬಾ ಎಂದು ರಾಣೆಬೆನ್ನೂರಿನ ಕಾಲೇಜೊಂದರವರು ಹೇಳಿದ್ದರು. ತರದಿದ್ದರೆ ಹಾವೇರಿ ಬಸ್‌ಸ್ಟ್ಯಾಂಡ್ ಹಿಂದಿನ ಟೈಪಿಂಗ್ ಅಂಗಡಿಯೇ ಗತಿ.

ಪರೀಕ್ಷೆಗೆಂದೇ ಬೇರೆ ಬ್ರೌಸರ್ ಇತ್ತು. ಅದು ತೆರೆದರೆ ಕಂಪ್ಯೂಟರಿನಲ್ಲಿ ಮಿಕ್ಕಿದ್ದೆಲ್ಲ ಮುಚ್ಚಿಕೊಳ್ಳುತ್ತದೆ, ಬರೆಯುವವರನ್ನು ಕ್ಯಾಮೆರಾ ನೋಡುತ್ತಿರುತ್ತದೆ. ವಾರದ ಹಿಂದೆಯೇ ಅದನ್ನು ಹಾಕಿಕೊಂಡಿದ್ದಳು. ಈ ಬೆಳಿಗ್ಗೆ ಇಳಿಸಿಕೊಂಡ ಫೈಲನ್ನು ಒತ್ತಿದರೆ ಅದು ತಾನಾಗಿ ತೆರೆಯಬೇಕಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು ಎಂಬುದು ಮೊದಲ ನಿಯಮ. ಮಕ್ಕಳನ್ನು ಎಲ್ಲಿ ಬಿಡುವುದು, ಅತ್ತೆಗೆ ಏನೆಂದು ಹೇಳಿ ಹೊರಗೆ ಕಳಿಸುವುದು ಎಂದು ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಒದ್ದಾಡಿದ್ದರು. ದ್ರಾಕ್ಷಾಯಿಣಿಗೆ ಆ ತೊಂದರೆ ಇರಲಿಲ್ಲ.

ಸಹಾಯವಾಣಿಯಲ್ಲಿ ಸಂಗೀತ ಮಾತ್ರ ಕೇಳುತ್ತಿತ್ತು. ಗುಂಪಿನಲ್ಲಿ ಕೇಳಿದಳು. ಯಾರೂ ನೋಡಲಿಲ್ಲ, ಎಲ್ಲರೂ ಒಳಗೆ ಹೋಗಿಯಾಗಿತ್ತು. ಇನ್ನು ಉಳಿದವಳು ಪುಷ್ಪಾವತಿ.

ಹಾಸ್ಟೆಲಿನಿಂದ ಈ ಬಾಡಿಗೆ ಕೋಣೆಯವರೆಗೆ ಜೊತೆಗಿದ್ದವಳು ಅವಳು. ಲ್ಯಾಪ್‌ಟಾಪು ಇಬ್ಬರೂ ಸೇರಿ ಕೊಂಡದ್ದು, ಅಂಗಡಿಯ ಕೆಲಸ ಕಲಿಸಿದ್ದು ಅವಳು. ಗಿರಾಕಿಗಳು ತರುವ ಫೈಲುಗಳು ಒಂದೊಂದು ಒಂದೊಂದು ಥರ ಇರುತ್ತಿದ್ದವು. ಯಾವುದು ಬಂದರೂ ಈ ಲ್ಯಾಪ್‌ಟಾಪಿನಲ್ಲಿ ಟೈಪಿಂಗ್ ತಂತ್ರಾಂಶದಲ್ಲೇ ತೆರೆಯುವಂತೆ ಪುಷ್ಪಾವತಿ ಮಾಡಿಟ್ಟಿದ್ದಳು. ಮೊದಲು ತೆರೆ, ಗಿರಾಕಿಯ ಹೆಸರು ಊರು ಹಾಕಿ ಸೇವ್ ಮಾಡು, ಆಮೇಲೆ ಮಾತು ಎನ್ನುವುದು ಅವಳ ಕಾನೂನು. ಕರ್ಜಗಿಯ ಗೃಹಪ್ರವೇಶದ ಕಾರ್ಡು ಕುಪ್ಪೇಲೂರಿನ ಮದುವೆ ಕಾರ್ಡಿನಲ್ಲಿ ಬೆರೆಯಬಾರದಲ್ಲ.

ಹೋದ ವರ್ಷ ಅವಳನ್ನು ಬ್ಯಾಡಗಿಗೆ ಕೊಟ್ಟರು. ಮೊದಮೊದಲು ದಿನಾ ಫೋನು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಇಲ್ಲ. ಜಗಳವೇನೂ ಆಗಿರಲಿಲ್ಲ.

ಫೋನ್ ಎತ್ತಿದವಳು ಅವಳ ಅತ್ತೆ ಮೈಲವ್ವ. ಸೊಸೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಳೆ, ಕೈಯೆಲ್ಲ ಖಾರ, ಫೋನ್ ಮುಟ್ಟುವಂತಿಲ್ಲ, ಸಂಜೆ ಮಾಡು ಎಂದಳು.

"ಸಂಜೀಕ ಆದ್ರ ಉಪಯೋಗಿಲ್ರಿ. ಪರೀಕ್ಷೆ ಈಗ ಐತ್ರಿ."

"ಪರೀಕ್ಷೆ ನಿಂದೋ, ನನ್ನ ಸೊಸೀದೋ?"

ಸುತ್ತ ಕುಳಿತ ಹೆಂಗಸರು ನಕ್ಕದ್ದು ಕೇಳಿಸಿತು. ಆದರೂ ಮೈಲವ್ವ ಸ್ಪೀಕರ್ ಹಾಕಿ ಹಿಡಿದಳು. ಅಷ್ಟು ಜನರ ನಡುವೆ ದ್ರಾಕ್ಷಾಯಿಣಿ ಆದದ್ದನ್ನೆಲ್ಲ ಹೇಳಿದಳು. ಆ ಕಡೆ ಯಾರೋ ಘಾಟಿಗೆ ಕೆಮ್ಮಿದರು.

"ಫೈಲ್ ಬಂದಕೂಡ್ಲೆ ಹೆಸರು ಊರು ಹಾಕಿ ಸೇವ್ ಮಾಡೀದೇನು?" ಪುಷ್ಪಾವತಿಯ ದನಿ.

ಪರದೆಯ ಮೇಲೆ ಫೈಲಿಗೆ ತನ್ನದೇ ಹೆಸರು, ತನ್ನದೇ ಊರು, 'ದ್ರಾಕ್ಷಾಯಿಣಿ ಕುಪ್ಪೇಲೂರು' ಎಂದಿತ್ತು. ಕೈ ತಾನಾಗಿ ಮಾಡಿದ ಕೆಲಸ.

"ಮಾಡೇನಿ."

"ಹಂಗಾರ ಟೈಪಿಂಗಿನ್ಯಾಗ ಸೇವ್ ಆಗಿ ಅದು ಕೆಟ್ಟೈತಿ. ತಗದ ಒಗಿ. ಹೊಸಾದು ಇಳಿಸ್ಕೊ, ತೆರೀಬ್ಯಾಡ."

ಮುಂದಿನದನ್ನು ಪುಷ್ಪಾವತಿ ಅಂಗಡಿಯಲ್ಲಿ ಹೇಳಿಕೊಡುತ್ತಿದ್ದ ಹಾಗೆಯೇ ಹೇಳಿದಳು. ಮೌಸಿನ ಬಲಗುಂಡಿ ಒತ್ತಿ, ಬೇರೆಯದರಲ್ಲಿ ತೆರೆ ಎಂಬುದನ್ನು ಆರಿಸಬೇಕು. ಮೇಲೆ ಟೈಪಿಂಗಿನ ಹೆಸರೇ ಇರುತ್ತದೆ, ಅದನ್ನು ಬಿಡಬೇಕು. ಪರೀಕ್ಷೆಯ ಬ್ರೌಸರ್ ಪಟ್ಟಿಯಲ್ಲಿ ಇಲ್ಲದಿದ್ದರೆ ಕೆಳಗಿಳಿದು ಅದರ ಫೋಲ್ಡರಿನಲ್ಲಿ ಹುಡುಕಬೇಕು. ಯಾವಾಗಲೂ ಇದರಲ್ಲೇ ಎಂಬಲ್ಲಿ ಗುರುತು ಹಾಕಬೇಕು. ದ್ರಾಕ್ಷಾಯಿಣಿ ಹಾಗೆಯೇ ಮಾಡಿದಳು. ಪರದೆ ಒಮ್ಮೆ ಕಪ್ಪಾಗಿ, ವಿಶ್ವವಿದ್ಯಾಲಯದ ಮುದ್ರೆ ಬಂತು.

"ತೆರೀತು."

"ಹೂಂ, ಬರಿ. ಲೇ ದ್ರಾಕ್ಷಿ, ನೀ ಈಗ..."

"ಆತಿಲ್ಲೋ? ಇಡತೇನವಾ, ಚೀಲ ಒಯ್ಯಾವ್ರು ಬಂದಾರ," ಎಂದು ಮೈಲವ್ವ ಕಟ್ ಮಾಡಿದಳು.

ದ್ರಾಕ್ಷಾಯಿಣಿ ಫೋನನ್ನು ಸದ್ದಿಲ್ಲದಂತೆ ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಎಲ್ಲೋ ಕುಳಿತು ಕ್ಯಾಮೆರಾದಲ್ಲಿ ಕಾಯುವ ಮೇಲ್ವಿಚಾರಕರು ಕೋಣೆ ತೋರಿಸಲು ಪರದೆಯ ಮೇಲೆ ಬರೆದು ಕೇಳಿದರು. ಲ್ಯಾಪ್‌ಟಾಪನ್ನು ಎತ್ತಿ ಸುತ್ತ ತಿರುಗಿಸಿದಳು: ಒಲೆ, ಹಗ್ಗದ ಮೇಲಿನ ಬಟ್ಟೆ, ಎರಡು ಮಂಚ.

ಇನ್ನೊಂದು ಮಂಚದವರು ಎಲ್ಲಿ ಎಂದು ಕೇಳಿದರು. ಇಲ್ಲ ಎಂದು ಬರೆದಳು. ಎಷ್ಟು ಹೊತ್ತಿಗೆ ಬರುತ್ತಾರೆ ಎಂದರು. ಬರುವುದಿಲ್ಲ ಎಂದು ಬರೆದಳು. ಪ್ರಶ್ನೆಪತ್ರಿಕೆ ತೆರೆಯಿತು.

ಎರಡನೇ ಪ್ರಶ್ನೆಯ ನಡುವೆ ಕಿಟಕಿಯಲ್ಲಿ ಫೋನಿನ ಬೆಳಕು ಮಿನುಗಿತು. ಆರಿತು. ಮತ್ತೆ ಮಿನುಗಿತು. ಪುಷ್ಪಾವತಿ ಕೈ ತೊಳೆದುಕೊಂಡಿರಬೇಕು. ಕಣ್ಣು ಆ ಕಡೆ ಹೊರಳಿದ್ದೇ ಎಚ್ಚರಿಕೆಯ ಕೆಂಪು ಪಟ್ಟಿ ಬಂತು. ಇನ್ನೊಮ್ಮೆ ಬಂದರೆ ಹೊರಗೆ. ದ್ರಾಕ್ಷಾಯಿಣಿ ಪರದೆಯಿಂದ ನೋಟ ತೆಗೆಯದೆ ಕೊನೆಯವರೆಗೆ ಬರೆದಳು.

ಮುಗಿದ ಮೇಲೆ ನೋಡಿದರೆ ಎಲ್ಲ ಕರೆಗಳೂ ಅಗಡಿ ಊರಿನ ಫಕ್ಕೀರಪ್ಪನವು. ಮಗನ ಮದುವೆ ಕಾರ್ಡಿಗೆ ಕೊಟ್ಟಿದ್ದ ಗಿರಾಕಿ. ಮೊದಲು ಪುಷ್ಪಾವತಿಗೆ ಮಾಡಿದಳು. ರಿಂಗು ಪೂರ್ತಿ ಆಗಿ ನಿಂತಿತು, ಯಾರೂ ಎತ್ತಲಿಲ್ಲ. ಆಮೇಲೆ ಫಕ್ಕೀರಪ್ಪನಿಗೆ ಮಾಡಿದಳು.

"ಯಾಕವಾ, ಫೋನ್ ಎತ್ತವಲ್ಲಿ?"

"ಪರೀಕ್ಷೆ ಇತ್ರಿ ಕಾಕಾ."

"ಹೌದಾ? ಹೆಂಗ ಬರದಿ?"

ಅವಳು ಹೇಳತೊಡಗಿದಳು. ಫೈಲು ತೆರೆಯದೆ ಹೋದದ್ದು, ಕಣ್ಣು ಹೊರಳಿಸಿದ್ದಕ್ಕೆ ಬೈಸಿಕೊಂಡದ್ದು, ಒಂದು ಪ್ರಶ್ನೆ ಅರ್ಧಕ್ಕೇ ಬಿಟ್ಟದ್ದು, ಆದರೂ ಪಾಸಾಗುವಷ್ಟು ಬರೆದದ್ದು. ಫಕ್ಕೀರಪ್ಪ ನಡುನಡುವೆ ಹೂಂ ಎನ್ನುತ್ತಿದ್ದ. ಅವಳು ನಿಲ್ಲಿಸಿದ ಮೇಲೆ, ಚಲೋ ಆತು ಬಿಡು ಎಂದು, ಕಾರ್ಡುಗಳು ಎಂದಿಗೆ ಆಗುತ್ತವೆ ಎಂದು ಕೇಳಿದ. ನಾಳೆ ಬನ್ನಿ ಎಂದಳು.